ಮನೆಯ ಆರ್ಗನ್ನಿಗೆ ಮಂದ್ರದ ಪೆಟ್ಟಿಗೆ

ನಾಟಕದ ಕಂಪನಿಗಳು ಊರಿಂದೂರಿಗೆ ತಿರುಗುತ್ತಿದ್ದ ಕಾಲದಲ್ಲಿ ರಂಗದ ಮುಂದೆ ಒಂದು ಪಕ್ಕಕ್ಕೆ ಕಾಲು ಹಾರ್ಮೋನಿಯಂ ಇರುತ್ತಿತ್ತು. ವಾದಕರು ಕಾಲಿನಿಂದ ತಿದಿಯನ್ನು ತುಳಿಯುತ್ತ, ಎರಡು ಕೈಗಳನ್ನೂ ಬಿಡುವಾಗಿಟ್ಟುಕೊಂಡು ನುಡಿಸುತ್ತಿದ್ದರು. ನಮ್ಮ ಹಿರಿಯರಲ್ಲಿ ಅನೇಕರಿಗೆ ಆರ್ಗನ್ ಎಂಬ ಮಾತು ಪರಿಚಯವಾದದ್ದೇ ಆ ವಾದ್ಯದಿಂದ. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು; 1971ರವರೆಗೆ ಆ ಬಾಗಿಲು ತೆರೆಯಲಿಲ್ಲ. ಆದರೆ ನಾಟಕದ ರಂಗವೂ ಭಜನೆಯ ಮಂದಿರವೂ ಅದನ್ನು ಎಂದೂ ಕೈಬಿಡಲಿಲ್ಲ.

ಈಗ ಆ ಜಾಗಕ್ಕೆ ವಿದ್ಯುತ್ತಿನಿಂದ ನುಡಿಯುವ ಆರ್ಗನ್ ಬಂದಿದೆ. ಅಂಗಡಿಯಲ್ಲಿ ಇದಕ್ಕೆ ಕೀಬೋರ್ಡ್ ಎನ್ನುತ್ತಾರೆ. ತಿದಿಯಿಲ್ಲ, ರೀಡಿಲ್ಲ, ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಹಗುರ. ಮಕ್ಕಳ ಪಾಠಕ್ಕೆ, ಸುಗಮ ಸಂಗೀತಕ್ಕೆ, ಊರ ನಾಟಕದ ಅಭ್ಯಾಸಕ್ಕೆ ಅನೇಕ ಮನೆಗಳು ಇದನ್ನು ಕೊಂಡಿವೆ. ಕೊಂಡ ಕೆಲವು ತಿಂಗಳಿಗೆ ಒಂದು ದೂರೂ ಕೇಳಿಬರುತ್ತದೆ. ಬಲಗೈಯ ಸ್ವರಗಳು ಚೆನ್ನಾಗಿವೆ. ಎಡಗೈಯ ತುದಿಯ ಕೀಗಳಿಗೆ ಹೋದರೆ ಸ್ವರವೇನೋ ಕೇಳಿಸುತ್ತದೆ, ಆದರೆ ಅದಕ್ಕೆ ತೂಕವಿಲ್ಲ. ಧ್ವನಿಯನ್ನು ಏರಿಸಿದರೆ ತೂಕ ಬರುವುದಿಲ್ಲ, ಒಡಕಲು ಸದ್ದು ಬರುತ್ತದೆ.

ಆಗ ಯಾರಾದರೊಬ್ಬರು ಸಬ್‌ವೂಫರ್ ಹಾಕಿಸಿ ಎಂದು ಸಲಹೆ ಕೊಡುತ್ತಾರೆ. ಸಬ್‌ವೂಫರ್ ಎಂದರೆ ತಗ್ಗಿನ ಸ್ವರಗಳಿಗೆಂದೇ ಮಾಡಿದ ಧ್ವನಿವರ್ಧಕದ ಪೆಟ್ಟಿಗೆ. ನಮ್ಮ ಮಾತಿನಲ್ಲಿ ಅದನ್ನು ಮಂದ್ರದ ಪೆಟ್ಟಿಗೆ ಎಂದು ಕರೆಯೋಣ. ಅದನ್ನು ತಂದು ಹೇಗೋ ಒಂದು ತಂತಿ ಸಿಕ್ಕಿಸಿದರೆ ಮನೆಯ ಬೀರು ನಡುಗುತ್ತದೆ, ಪಕ್ಕದ ಮನೆಯವರ ಮುಖ ಕೆಂಪಾಗುತ್ತದೆ, ಸಂಗೀತ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗದಂತೆ ಈ ಪೆಟ್ಟಿಗೆಯನ್ನು ಜೋಡಿಸುವುದು ಹೇಗೆ, ಅದಕ್ಕಿಂತ ಮೊದಲು ಅದು ನಿಮಗೆ ಬೇಕೇ ಬೇಡವೇ ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲು ಸ್ವರದ ಲೆಕ್ಕ. ಸ್ವರವೆಂದರೆ ಗಾಳಿಯ ಕಂಪನ. ಸೆಕೆಂಡಿಗೆ ಹೆಚ್ಚು ಕಂಪನವಾದರೆ ತಾರ, ಕಡಮೆಯಾದರೆ ಮಂದ್ರ. ಒಂದು ಸ್ಥಾಯಿ ಕೆಳಗಿಳಿದರೆ ಕಂಪನದ ಸಂಖ್ಯೆ ಸರಿಯಾಗಿ ಅರ್ಧವಾಗುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 61 ಕೀಗಳ ಆರ್ಗನ್ನಿನಲ್ಲಿ ಎಡತುದಿಯ ಮೊದಲ ಬಿಳಿ ಕೀ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ, ಅಂದರೆ 65 ಹರ್ಟ್ಸ್. ಬಲತುದಿಯ ಕೊನೆಯದು ಸುಮಾರು 2,093 ಹರ್ಟ್ಸ್. ಬಿಳಿ ಒಂದರ ಶ್ರುತಿಗೆ ಕೂಡಿಸಿದ ಗಂಡು ದನಿಯ ತಂಬೂರಿಯಲ್ಲಿ ಕೊನೆಯ ತಂತಿಯ ಮಂದ್ರ ಷಡ್ಜವೂ ಇದೇ 65ರ ಆಸುಪಾಸಿನದು. ತಂಬೂರಿಯ ಆ ತಂತಿ ಮಿಡಿದಾಗ ಕೋಣೆಯೆಲ್ಲ ತುಂಬಿಕೊಂಡಂತಾಗುವುದನ್ನು ನೀವು ಬಲ್ಲಿರಿ. ಆರ್ಗನ್ನಿನ ಮೊದಲ ಕೀಯಿಂದ ನಾವು ಬಯಸುವುದು ಆ ತುಂಬುವಿಕೆಯನ್ನೇ.

ಆರ್ಗನ್ನಿನಲ್ಲಿ ಇನ್ನೊಂದು ವಿಶೇಷವುಂಟು. ಕೆಲವು ವಾದ್ಯಗಳ ಮೇಲೆ 16, 8, 4 ಎಂದು ಅಡಿಗಳ ಲೆಕ್ಕ ಬರೆದಿರುತ್ತದೆ. ಅದು ಪಶ್ಚಿಮದ ಚರ್ಚುಗಳ ಕೊಳವೆ ಆರ್ಗನ್ನಿನಿಂದ ಬಂದ ಮಾತು. ಅಲ್ಲಿ ಆ ಮೊದಲ ಕೀಯ ಸ್ವರ ಹೊರಡಬೇಕಾದರೆ ಸುಮಾರು 8 ಅಡಿ ಉದ್ದದ ತೆರೆದ ಕೊಳವೆ ಬೇಕು. ಕೊಳವೆಯನ್ನು 16 ಅಡಿಗೆ ಬೆಳೆಸಿದರೆ ಅದೇ ಕೀ ಒಂದು ಸ್ಥಾಯಿ ಕೆಳಗೆ, ಸುಮಾರು 33 ಹರ್ಟ್ಸಿನಲ್ಲಿ ನುಡಿಯುತ್ತದೆ. ಅಮೆರಿಕದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಕೊಳವೆಗಳಿಲ್ಲದ ವಿದ್ಯುತ್ ಆರ್ಗನ್ನನ್ನು ಮಾರುಕಟ್ಟೆಗೆ ತಂದಾಗಲೂ ಈ ಅಡಿಗಳ ಲೆಕ್ಕವನ್ನು ಹಾಗೆಯೇ ಉಳಿಸಿಕೊಂಡನು. ಇಂದಿನ ಕೀಬೋರ್ಡುಗಳಲ್ಲಿಯೂ ಆರ್ಗನ್ ಸ್ವರವನ್ನು ಆರಿಸಿದರೆ ಹಲವು ಸಲ ಈ 16 ಅಡಿಯ ಸ್ವರ ಬೆರೆತಿರುತ್ತದೆ. ಮನುಷ್ಯನ ಕಿವಿ ಕೇಳಬಲ್ಲ ತಗ್ಗಿನ ಎಲ್ಲೆ ಸುಮಾರು 20 ಹರ್ಟ್ಸ್. ಹೀಗೆ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಪುಟ್ಟ ವಾದ್ಯ ಕಿವಿಯ ಎಲ್ಲೆಯ ಸಮೀಪದವರೆಗೆ ಇಳಿಯಲು ಹೊರಟಿದೆ.

ಇಳಿಯಲು ಹೊರಟಿದೆ, ಆದರೆ ಇಳಿಯಲಾರದು. ಕಾರಣ ಅದರ ಒಳಗಿನ ಧ್ವನಿವರ್ಧಕ. ಸಾಮಾನ್ಯವಾಗಿ ಅದು ನಾಲ್ಕೈದು ಅಂಗುಲದ್ದು. ಧ್ವನಿವರ್ಧಕದ ಕಾಗದದ ಬಟ್ಟಲು ಹಿಂದಕ್ಕೂ ಮುಂದಕ್ಕೂ ಆಡಿ ಗಾಳಿಯನ್ನು ನೂಕುತ್ತದೆ. ಸ್ವರ ಒಂದು ಸ್ಥಾಯಿ ಇಳಿದರೆ, ಅಷ್ಟೇ ಬಲದ ಸದ್ದಿಗೆ ಬಟ್ಟಲು ನಾಲ್ಕರಷ್ಟು ದೂರ ಆಡಬೇಕು. ಎರಡು ಸ್ಥಾಯಿ ಇಳಿದರೆ ಹದಿನಾರರಷ್ಟು. ಚಿಕ್ಕ ಬಟ್ಟಲಿಗೆ ಅಷ್ಟು ಆಟವಿಲ್ಲ. ಒತ್ತಾಯಪಡಿಸಿದರೆ ಅದು ಎಲ್ಲೆಗೆ ಬಡಿದು ಒಡಕು ಸದ್ದು ಮಾಡುತ್ತದೆ. ಆದ್ದರಿಂದ ಮಂದ್ರಕ್ಕೆ ಬೇಕಾದದ್ದು ಅಗಲವಾದ ಬಟ್ಟಲು, ಅದು ದೂರ ಆಡಲು ಅವಕಾಶ, ಅದರ ಬೆನ್ನಿಗೆ ಗಟ್ಟಿಯಾದ ಪೆಟ್ಟಿಗೆ.

ಇದು ನಮ್ಮ ವಾದ್ಯಗಾರರಿಗೆ ಹೊಸ ಮಾತಲ್ಲ. ಹಾರ್ಮೋನಿಯಂನಲ್ಲಿ ಬಾಸ್ ಸಾಲಿನ ರೀಡುಗಳು ಉದ್ದವಾಗಿಯೂ ಭಾರವಾಗಿಯೂ ಇರುತ್ತವೆ. ಮೃದಂಗದ ಎಡಮುಖಕ್ಕೆ ಕಚೇರಿಗೆ ಮೊದಲು ರವೆಯ ಕಣಕವನ್ನು ಮೆತ್ತುತ್ತಾರೆ. ತೂಕ ಕೂಡಿದ ಚರ್ಮ ಮೆಲ್ಲಗೆ ಕಂಪಿಸಿ ತಗ್ಗಿನ ನಾದ ಕೊಡುತ್ತದೆ. ಆ ಮೃದಂಗದ ಬಲಮುಖದ ಕರಣೆ ಹೇಗೆ ಇಂಪಾದ ಸ್ವರಗಳನ್ನು ಹೊರಡಿಸುತ್ತದೆಂಬುದನ್ನು ಸರ್ ಸಿ.ವಿ. ರಾಮನ್ ಅವರು 1920ರಲ್ಲಿ ಪ್ರಕಟಿಸಿದ ಲೇಖನದಿಂದ ಮೊದಲು ಮಾಡಿ ಲೋಕಕ್ಕೆ ತಿಳಿಸಿದರು. ಮುಂದೆ 1933ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು.

ಇನ್ನು ನಾದದ ತುಂಬುವಿಕೆಗಾಗಿ ವಾದ್ಯವನ್ನೇ ತಿದ್ದಿದ ಮಹನೀಯರೊಬ್ಬರು ನಮ್ಮ ಮೈಸೂರು ಸೀಮೆಯವರೇ. ಕಪಿಲೆಯೂ ಕಾವೇರಿಯೂ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಇಲ್ಲದ ಕಾಲ. ಪಿಟೀಲಿನ ನಾದ ದೂರ ಕುಳಿತವರಿಗೆ ತುಂಬಿ ಕೇಳಿಸುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಬಿಲ್ಲನ್ನು ಬಲವಾಗಿ ಒತ್ತಿದರೆ ಸಾಕೆಂದು ಅವರು ಬಿಡಲಿಲ್ಲ. ನಾದಕ್ಕೆ ಮೈ ಬರಬೇಕಾದರೆ ನಾದವನ್ನು ಹೊರಡಿಸುವ ಅಂಗವೇ ಬೆಳೆಯಬೇಕೆಂಬುದನ್ನು ಕಂಡುಕೊಂಡರು. ನಾವು ಆರ್ಗನ್ನಿಗೆ ಮಂದ್ರದ ಪೆಟ್ಟಿಗೆ ಜೋಡಿಸುವಾಗ ನೆನಪಿಡಬೇಕಾದ ತತ್ತ್ವವೂ ಇದೇ. ಪೆಟ್ಟಿಗೆಯನ್ನು ತರುವುದು ಸದ್ದಿಗಾಗಿ ಅಲ್ಲ, ಸ್ವರಕ್ಕೆ ಮೈ ತುಂಬಲೆಂದು.

ಹಾಗಾದರೆ ಚಿಕ್ಕ ರೇಡಿಯೋದಲ್ಲಿ ತಂಬೂರಿಯ ಮಂದ್ರ ಹೇಗೆ ಕೇಳಿಸುತ್ತದೆ ಎಂದು ನೀವು ಕೇಳಬಹುದು. ಅದು ಕಿವಿಯ ಔದಾರ್ಯ. ಒಂದು ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳೂ ಹೊರಡುತ್ತವೆ. ಚಿಕ್ಕ ಧ್ವನಿವರ್ಧಕ 65 ಹರ್ಟ್ಸನ್ನು ನುಂಗಿಬಿಟ್ಟರೂ 130, 196, 261 ಎಂಬ ಉಪಸ್ವರಗಳನ್ನು ಕೊಡುತ್ತದೆ. ಅವುಗಳ ಅಂತರವನ್ನು ಹಿಡಿದು ಮಿದುಳು ಇಲ್ಲದ 65ನ್ನು ಊಹಿಸಿಕೊಳ್ಳುತ್ತದೆ. ಸ್ವರ ಯಾವುದೆಂದು ತಿಳಿಯುತ್ತದೆ. ಮೈಗೆ ತಾಗುವ ತೂಕ ಮಾತ್ರ ಬರುವುದಿಲ್ಲ. ನಿಮ್ಮ ಕೀಬೋರ್ಡಿನ ಎಡತುದಿಯಲ್ಲಿ ಆಗುತ್ತಿರುವುದೂ ಇದೇ. ಇದರ ಮೇಲೆ ಕಿವಿಯದೇ ಒಂದು ದೌರ್ಬಲ್ಯವೂ ಸೇರಿಕೊಳ್ಳುತ್ತದೆ. ಸದ್ದು ಮೆಲ್ಲಗಿದ್ದಷ್ಟೂ ಕಿವಿ ಮಂದ್ರಕ್ಕೆ ಮಂದವಾಗುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಅಳೆದು ತೋರಿಸಿದರು. ರಾತ್ರಿ ಮೆಲ್ಲಗೆ ನುಡಿಸುವಾಗ ಎಡಗೈ ಮಾಯವಾದಂತೆ ತೋರುವುದು ಅದಕ್ಕಾಗಿಯೇ.

ಈಗ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ. ಮಂದ್ರದ ಪೆಟ್ಟಿಗೆಯನ್ನು ಸಾಮಾನ್ಯವಾಗಿ 80 ಹರ್ಟ್ಸಿನ ಕೆಳಗಿನ ಕೆಲಸಕ್ಕೆ ಇಡುತ್ತಾರೆ. ನಿಮ್ಮ 61 ಕೀಗಳಲ್ಲಿ 80ಕ್ಕಿಂತ ಕೆಳಗಿರುವವು ಎಷ್ಟು? ಎಣಿಸಿ ನೋಡಿದರೆ ಎಡತುದಿಯ ನಾಲ್ಕು, ಎರಡು ಬಿಳಿ, ಎರಡು ಕರಿ. 120 ಹರ್ಟ್ಸಿನವರೆಗೆ ಹೋದರೂ ಹನ್ನೊಂದೇ. ಬಿಡಿಸ್ವರಗಳಲ್ಲಿ ಹಾಡಿಗೆ ಒತ್ತಾಸೆ ಕೊಡುವವರು, ಮಕ್ಕಳಿಗೆ ಸರಳೆ ಕಲಿಸುವವರು ಆ ನಾಲ್ಕು ಕೀಗಳನ್ನು ಮುಟ್ಟುವುದೇ ಅಪರೂಪ. ಅಂಥವರಿಗೆ ಮಂದ್ರದ ಪೆಟ್ಟಿಗೆ ದಂಡದ ಖರ್ಚು. ಅವರಿಗೆ ಬೇಕಾದದ್ದು ಎಂಟೋ ಹತ್ತೋ ಅಂಗುಲದ, ತನ್ನೊಳಗೇ ಆಂಪ್ಲಿಫೈಯರ್ ಇರುವ ಒಳ್ಳೆಯ ಸ್ಪೀಕರ್ ಒಂದು. ಅದರಿಂದ ನಡುವಿನ ಸ್ವರಗಳೂ ತುಂಬಿ ಬರುತ್ತವೆ.

ಆದರೆ 16 ಅಡಿಯ ಆರ್ಗನ್ ಸ್ವರ ಬಳಸುವವರು, ಕಾಲಿನ ಪೆಡಲುಗಳಿರುವ ಆರ್ಗನ್ ಇಟ್ಟುಕೊಂಡವರು, ಕೀಬೋರ್ಡಿನೊಳಗೆ ತಾನಾಗಿ ನುಡಿಯುವ ತಾಳವನ್ನೂ ಬಾಸ್ ಗಿಟಾರನ್ನೂ ಹಚ್ಚಿಕೊಂಡು ಹಾಡುವವರು, ಇವರಿಗೆ ಅದರಿಂದ ನಿಜವಾದ ಪ್ರಯೋಜನವುಂಟು. ಬಾಸ್ ಗಿಟಾರಿನ ತಗ್ಗಿನ ತಂತಿ 41 ಹರ್ಟ್ಸಿಗೆ ಇಳಿಯುತ್ತದೆ. 16 ಅಡಿಯ ಆರ್ಗನ್ 33ಕ್ಕೆ. ಕೊಳ್ಳುವಾಗ ಪೆಟ್ಟಿಗೆ ಎಷ್ಟು ಹರ್ಟ್ಸಿನವರೆಗೆ ಇಳಿಯುತ್ತದೆ ಎಂಬುದನ್ನು ಮೊದಲು ಕೇಳಿ, ಎಷ್ಟು ವ್ಯಾಟ್ ಎಂಬುದನ್ನು ಆಮೇಲೆ. ಇನ್ನೊಂದು ಸಂಗತಿ: ಸಿನಿಮಾ ನೋಡಲೆಂದು ಮಾಡಿದ ಅಗ್ಗದ ಪೆಟ್ಟಿಗೆಗಳು ಗುಡುಗಿನಂಥ ಕ್ಷಣಕಾಲದ ಸದ್ದಿಗೆ ಹೊಂದಿಕೊಂಡವು. ಆರ್ಗನ್ನಿನ ಸ್ವರ ಹಾಗಲ್ಲ. ಬೆರಳು ಇರುವವರೆಗೂ ಅದು ಒಂದೇ ಸಮನೆ ನಿಲ್ಲುತ್ತದೆ. ಅಷ್ಟು ಹೊತ್ತೂ ಪೆಟ್ಟಿಗೆಯ ಸುರುಳಿ ಕಾಯುತ್ತಿರುತ್ತದೆ. ಆದುದರಿಂದ ಅಂಗಡಿಯಲ್ಲಿಯೇ ನಿಮ್ಮ ವಾದ್ಯದ ಅತಿ ತಗ್ಗಿನ ಸ್ವರವನ್ನು ಅರ್ಧ ನಿಮಿಷ ಹಿಡಿದು ಕೇಳಿ ನೋಡುವುದು ಲೇಸು.

ಜೋಡಿಸುವ ಕ್ರಮಕ್ಕೆ ಬರೋಣ. ಇಲ್ಲಿ ಹೇಳುವುದೆಲ್ಲ ತನ್ನದೇ ಆಂಪ್ಲಿಫೈಯರ್ ಇರುವ, ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕುವ ಪೆಟ್ಟಿಗೆಯನ್ನು ಕುರಿತದ್ದು. ನಿಮ್ಮ ವಾದ್ಯದ ಬೆನ್ನನ್ನು ತಿರುಗಿಸಿ ನೋಡಿ. ಲೈನ್ ಔಟ್ ಅಥವಾ ಔಟ್‌ಪುಟ್ ಎಂದು ಬರೆದ, ಕಾಲು ಅಂಗುಲದ ಪಿನ್ನು ಹೋಗುವ ಎರಡು ತೂತುಗಳಿದ್ದರೆ ಕೆಲಸ ಸುಲಭ. ಅದರಲ್ಲಿ ಒಂದಕ್ಕೆ ಎಡ ಅಥವಾ ಮೋನೋ ಎಂದು ಬರೆದಿದ್ದರೆ, ಅದೊಂದಕ್ಕೆ ಮಾತ್ರ ತಂತಿ ಹಾಕಿದಾಗ ಎರಡು ಬದಿಯ ಸ್ವರವೂ ಸೇರಿ ಅಲ್ಲಿಂದಲೇ ಬರುತ್ತದೆ. ಅಲ್ಲಿಂದ ಮಂದ್ರದ ಪೆಟ್ಟಿಗೆಯ ಲೈನ್ ಇನ್ ತೂತಿಗೆ ಒಂದು ಶೀಲ್ಡ್ ತಂತಿ. ಕೀಬೋರ್ಡಿನ ಸ್ಪೀಕರ್ ತನ್ನ ಪಾಡಿಗೆ ಮೇಲಿನ ಸ್ವರಗಳನ್ನು ನುಡಿಸುತ್ತದೆ, ಪೆಟ್ಟಿಗೆ ಕೆಳಗಿನವನ್ನು ನೋಡಿಕೊಳ್ಳುತ್ತದೆ. ತಂತಿ ಹತ್ತು ಹದಿನೈದು ಅಡಿ ಮೀರದಿರಲಿ.

ಲೈನ್ ಔಟ್ ಇಲ್ಲದೆ ಹೆಡ್‌ಫೋನಿನ ತೂತು ಮಾತ್ರ ಇದ್ದರೂ ಕೆಲಸವಾಗುತ್ತದೆ, ಆದರೆ ಎರಡು ವಿಷಯ ತಿಳಿದಿರಬೇಕು. ಒಂದು, ಅಲ್ಲಿ ಪಿನ್ನು ಹಾಕಿದೊಡನೆ ವಾದ್ಯದೊಳಗಿನ ಸ್ಪೀಕರ್ ಬಹುಮಟ್ಟಿಗೆ ಬಾಯಿ ಮುಚ್ಚುತ್ತದೆ. ಆದ್ದರಿಂದ ಮೇಲಿನ ಸ್ವರಗಳಿಗೆ ಬೇರೆ ಸ್ಪೀಕರುಗಳೂ ಬೇಕು. ಅನೇಕ ಮಂದ್ರದ ಪೆಟ್ಟಿಗೆಗಳಲ್ಲಿ ಒಳಗೆ ಬಂದ ಸ್ವರವನ್ನು ಮುಂದೆ ಕಳುಹಿಸುವ ಲೈನ್ ಔಟ್ ಇರುತ್ತದೆ. ಆ ಸ್ಪೀಕರುಗಳನ್ನು ಅಲ್ಲಿಗೆ ಜೋಡಿಸಬಹುದು. ಎರಡು, ಹೆಡ್‌ಫೋನಿನ ತೂತು ಎರಡು ಬದಿಯದು, ಸ್ಟೀರಿಯೋ. ಅದಕ್ಕೆ ಎರಡು ಗೆರೆಯ ಸ್ಟೀರಿಯೋ ಪಿನ್ನನ್ನೇ ಹಾಕಬೇಕು. ಒಂದೇ ಗೆರೆಯ ಮೋನೋ ಪಿನ್ನು ಹಾಕಿದರೆ ಒಂದು ಬದಿ ನೆಲಕ್ಕೆ ಕೂಡಿಕೊಂಡು ಒಳಗಿನ ಆಂಪ್ಲಿಫೈಯರಿಗೆ ಪೆಟ್ಟಾಗಬಹುದು.

ಕವಲು ತಂತಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಒಂದು ಔಟ್‌ಪುಟ್ಟನ್ನು ಎರಡು ಪೆಟ್ಟಿಗೆಗಳಿಗೆ ಹಂಚಲು ಕವಲು ತಂತಿ ಬಳಸಬಹುದು. ಎರಡು ಔಟ್‌ಪುಟ್ಟುಗಳನ್ನು ಒಂದಾಗಿ ಗಂಟುಹಾಕಲು ಅದನ್ನು ಬಳಸಬಾರದು. ಎರಡು ಸ್ವರಗಳನ್ನು ಕೂಡಿಸಬೇಕಾದರೆ ಚಿಕ್ಕ ಮಿಕ್ಸರ್ ಇರಬೇಕು. ಆರ್ಗನ್ನಿಗೆ ಸ್ವರ ಏರಿಳಿಸುವ ಕಾಲಿನ ಪೆಡಲು ಇದ್ದರೆ, ಮಂದ್ರದ ಪೆಟ್ಟಿಗೆಗೆ ಹೋಗುವ ತಂತಿ ಆ ಪೆಡಲಿನಿಂದ ಮುಂದೆಯೇ ಹೊರಡಬೇಕು. ಇಲ್ಲವಾದರೆ ಹಾಡು ಮೆಲ್ಲಗಾದಾಗಲೂ ಮಂದ್ರ ಮಾತ್ರ ಅಬ್ಬರಿಸುತ್ತಲೇ ಇರುತ್ತದೆ.

ಇನ್ನು ಯಾವ ತೂತೂ ಇಲ್ಲದ ಹಳೆಯ ಆರ್ಗನ್. ಅದರ ಸ್ಪೀಕರಿಗೆ ಹೋಗುವ ತಂತಿಯಿಂದಲೇ ಕವಲು ತೆಗೆದು ಪೆಟ್ಟಿಗೆಯ ಸ್ಪೀಕರ್ ಇನ್‌ಪುಟ್ಟಿಗೆ ಕೊಡುವ ಒಂದು ಕ್ರಮವಿದೆ. ಆ ತಂತಿಯನ್ನು ಎಂದಿಗೂ ಲೈನ್ ಇನ್‌ಗೆ ಕೊಡಬಾರದು. ಕೆಲವು ಆಂಪ್ಲಿಫೈಯರುಗಳಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ನೆಲದ ತಂತಿಯಲ್ಲ. ಒಂದನ್ನು ನೆಲಕ್ಕೆ ಮುಟ್ಟಿಸಿದರೆ ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ. ವಾಲ್ವ್ ಇರುವ ವಾದ್ಯಗಳಲ್ಲಿ ಪ್ಲಗ್ಗು ಕಿತ್ತ ಮೇಲೂ ಒಳಗೆ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಆದ್ದರಿಂದ ವಾದ್ಯದ ಬೆನ್ನಿನ ಹಲಗೆ ಬಿಚ್ಚಬೇಕಾದ ಕೆಲಸವೆಲ್ಲ ತಿಳಿದ ರಿಪೇರಿಯವರದು, ನಿಮ್ಮದಲ್ಲ. ಮನೆಯಲ್ಲಿ ಬುದ್ಧಿವಂತ ಹುಡುಗನಿದ್ದರೆ ಅವನಿಗೂ ಇದನ್ನು ಒತ್ತಿ ಹೇಳಿ.

ತಂತಿ ಸೇರಿಸುವಾಗ ಎಲ್ಲ ಸ್ವಿಚ್ಚುಗಳೂ ಆರಿರಲಿ. ಹಚ್ಚುವಾಗ ಮೊದಲು ಆರ್ಗನ್, ಕೊನೆಗೆ ಮಂದ್ರದ ಪೆಟ್ಟಿಗೆ. ಆರಿಸುವಾಗ ಮೊದಲು ಪೆಟ್ಟಿಗೆ, ಆಮೇಲೆ ಆರ್ಗನ್. ಕರೆಂಟು ಹೋದರೆ ಕೂಡಲೆ ಪೆಟ್ಟಿಗೆಯ ಸ್ವಿಚ್ಚು ಆರಿಸಿಬಿಡಿ. ಅದು ಹಿಂದಿರುಗಿ ಬರುವಾಗಿನ ಬಡಿತ ಬಟ್ಟಲಿಗೆ ಒಳ್ಳೆಯದಲ್ಲ. ಗುಡುಗು ಮಿಂಚು ಇದ್ದಾಗ ಪ್ಲಗ್ಗನ್ನೇ ಕೀಳಿ.

ಜೋಡಿಸಿದೊಡನೆ ಗುಂಯ್ ಎಂಬ ಸದ್ದು ಬಂದರೆ ಗಾಬರಿಯಾಗಬೇಡಿ. ನಮ್ಮ ದೇಶದ ವಿದ್ಯುತ್ತು 230 ವೋಲ್ಟಿನದು, ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಆ 50, ಅದರ ಎರಡರಷ್ಟಾದ 100, ಎರಡೂ ಮಂದ್ರದ ಪೆಟ್ಟಿಗೆ ಪ್ರೀತಿಯಿಂದ ನುಡಿಸುವ ಸ್ವರಗಳೇ. ಚಿಕ್ಕ ಸ್ಪೀಕರಿನಲ್ಲಿ ಅಡಗಿದ್ದ ದೋಷ ಇಲ್ಲಿ ಬಯಲಾಗುತ್ತದೆ. ಆರ್ಗನ್ ಒಂದು ಗೋಡೆಯ ಪ್ಲಗ್ಗಿನಿಂದ, ಪೆಟ್ಟಿಗೆ ಇನ್ನೊಂದು ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತು ಪಡೆಯುತ್ತಿದ್ದರೆ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಬಹಳ ಸಲ ಅಷ್ಟರಿಂದಲೇ ಸದ್ದು ನಿಲ್ಲುತ್ತದೆ. ನಿಲ್ಲದಿದ್ದರೆ ಸ್ವರದ ತಂತಿಯ ನಡುವೆ ಸೇರಿಸುವ ಪುಟ್ಟ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ದೊರೆಯುತ್ತದೆ. ಕೆಲವರು ಪ್ಲಗ್ಗಿನ ಮೂರನೆಯ, ದಪ್ಪನೆಯ ಪಿನ್ನನ್ನು ಮುರಿದು ಸದ್ದು ನಿಲ್ಲಿಸುವ ಉಪಾಯ ಹೇಳಿಕೊಡುತ್ತಾರೆ. ಕೇಳಬೇಡಿ. ಅದು ಅರ್ಥ್ ಪಿನ್ನು. ಒಳಗೆ ದೋಷವಾದ ದಿನ ಆ ಪಿನ್ನು ಇಲ್ಲದಿದ್ದರೆ ವಿದ್ಯುತ್ತು ನುಡಿಸುವವರ ಮೈಯಲ್ಲಿ ಹರಿಯುತ್ತದೆ. ಸದ್ದನ್ನು ಸಹಿಸಬಹುದು; ಆ ಅಪಾಯವನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು.

ಇನ್ನು ಹದಗೊಳಿಸುವುದು. ಪೆಟ್ಟಿಗೆಯ ಬೆನ್ನಲ್ಲಿ ಸಾಮಾನ್ಯವಾಗಿ ಮೂರು ತಿರುಪುಗಳಿರುತ್ತವೆ. ಒಂದು ಸದ್ದಿನ ಪ್ರಮಾಣ. ಇನ್ನೊಂದು ಕ್ರಾಸ್‌ಓವರ್, ಎಷ್ಟು ಹರ್ಟ್ಸಿನಿಂದ ಕೆಳಗೆ ಪೆಟ್ಟಿಗೆ ನುಡಿಯಬೇಕೆಂಬುದನ್ನು ಅದು ಗೊತ್ತುಮಾಡುತ್ತದೆ. ಮೂರನೆಯದು ಫೇಸ್, 0 ಅಥವಾ 180 ಎಂದು ಬರೆದಿರುತ್ತದೆ. ಕೀಬೋರ್ಡಿನ ಚಿಕ್ಕ ಸ್ಪೀಕರಿನ ಜೊತೆಗಾದರೆ ಕ್ರಾಸ್‌ಓವರನ್ನು 100ರಿಂದ 120ರ ನಡುವೆ, ಒಳ್ಳೆಯ ದೊಡ್ಡ ಸ್ಪೀಕರಿನ ಜೊತೆಗಾದರೆ 80ರ ಸಮೀಪ ಇಟ್ಟು ತೊಡಗಿ. ಸದ್ದಿನ ತಿರುಪನ್ನು ಪೂರಾ ಇಳಿಸಿ, ಎಡಗೈಯಿಂದ ತಗ್ಗಿನ ಸ್ವರವೊಂದನ್ನು ಹಿಡಿದು, ಅದಕ್ಕೆ ಮೈ ಬಂತು ಎನಿಸುವವರೆಗೆ ಮೆಲ್ಲಗೆ ಏರಿಸಿ, ಅಲ್ಲಿಗೆ ನಿಲ್ಲಿಸಿ. ಆಮೇಲೆ ಎರಡೂ ಒಟ್ಟಿಗೆ ನುಡಿಯುವ 100ರ ಆಸುಪಾಸಿನ ಸ್ವರ ಹಿಡಿದುಕೊಂಡು ಫೇಸನ್ನು ಅತ್ತ ಇತ್ತ ಬದಲಿಸಿ. ಯಾವುದರಲ್ಲಿ ಸ್ವರ ಹೆಚ್ಚು ತುಂಬಿದೆಯೋ ಅದೇ ಸರಿ. ಇನ್ನೊಂದರಲ್ಲಿ ಎರಡು ಸ್ಪೀಕರುಗಳೂ ಒಂದನ್ನೊಂದು ಅಳಿಸುತ್ತಿರುತ್ತವೆ.

ಹದ ಕೂಡಿತೆಂದು ತಿಳಿಯುವುದು ಹೇಗೆ? ತಿರುಮಕೂಡಲಿನ ಸಂಗಮದ ಕೆಳಗೆ ನಿಂತು ಇದು ಕಪಿಲೆ, ಇದು ಕಾವೇರಿ ಎಂದು ನೀರನ್ನು ಬೇರೆ ಮಾಡಲು ಸಾಧ್ಯವೇ? ಹಾಗೆಯೇ ಚಿಕ್ಕ ಸ್ಪೀಕರಿನಿಂದ ದೊಡ್ಡ ಪೆಟ್ಟಿಗೆಗೆ ಸ್ವರ ಇಳಿದುಹೋದದ್ದು ಕೇಳುವವರಿಗೆ ತಿಳಿಯಬಾರದು. ಬಲದಿಂದ ಎಡಕ್ಕೆ ಒಂದೊಂದೇ ಕೀಯನ್ನು ಒತ್ತುತ್ತ ಇಳಿಯಿರಿ. ಮೆಟ್ಟಿಲಿಳಿದಂತೆ ಸಮನಾಗಿ ಬಂದರೆ ಸರಿ. ನಡುವೆ ಒಂದು ಸ್ವರ ಧುಮುಕಿ ಮೇಲೆದ್ದರೆ, ಅಥವಾ ಒಂದು ಮಾಯವಾದರೆ, ದೋಷ ತಂತಿಯದಲ್ಲ, ಕೋಣೆಯದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿಯಲ್ಲಿ ಸ್ವರ ಸೆಕೆಂಡಿಗೆ ಸುಮಾರು 1,125 ಅಡಿ ಸಾಗುತ್ತದೆ. 33 ಹರ್ಟ್ಸಿನ ಒಂದು ಅಲೆಯ ಉದ್ದ 34 ಅಡಿ. ನಮ್ಮ ಕೋಣೆಗಿಂತ ದೊಡ್ಡದು. ಕೋಣೆಯ ಉದ್ದವು ಯಾವ ಅಲೆಯ ಅರ್ಧಕ್ಕೆ ಸಮನೋ ಆ ಸ್ವರ ಗೋಡೆಗಳ ನಡುವೆ ಉಯ್ಯಾಲೆಯಾಡಿ ಉಬ್ಬುತ್ತದೆ. ಲೆಕ್ಕ ಸುಲಭ: 562ನ್ನು ಕೋಣೆಯ ಉದ್ದದ ಅಡಿಗಳಿಂದ ಭಾಗಿಸಿ. ತಗಡೂರಿನಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುಮನೆ 12 ಅಡಿ ಉದ್ದ, 10 ಅಡಿ ಅಗಲ ಇದೆಯೆನ್ನಿ. ಉದ್ದಕ್ಕೆ 47, ಅಗಲಕ್ಕೆ 56 ಹರ್ಟ್ಸ್. ಈ ಎರಡು ಸ್ವರಗಳು ಆ ಕೋಣೆಯಲ್ಲಿ ಮಿಕ್ಕವಕ್ಕಿಂತ ಗಟ್ಟಿಯಾಗಿ ಕೇಳಿಸುತ್ತವೆ. ಸಿಮೆಂಟಿನ ತಾರಸಿ, ಗಟ್ಟಿ ಗೋಡೆಯ ಮನೆಯಲ್ಲಿ ಇದು ಹೆಚ್ಚು. ಹೆಂಚಿನ ಮಾಡಿನ ಮನೆಯಲ್ಲಿ, ತೊಟ್ಟಿಯ ಮನೆಯಲ್ಲಿ ಮಂದ್ರ ಮೇಲಕ್ಕೆ ಸೋರಿಹೋಗುವುದರಿಂದ ಉಬ್ಬರವೂ ಕಡಮೆ, ತುಂಬುವಿಕೆಯೂ ಕಡಮೆ.

ಇದಕ್ಕೆ ಔಷಧ ಪೆಟ್ಟಿಗೆಯ ಜಾಗ. ಮೂಲೆಯಲ್ಲಿಟ್ಟರೆ ಸದ್ದು ಅತಿ ಹೆಚ್ಚು, ಉಬ್ಬರವೂ ಅತಿ ಹೆಚ್ಚು. ಜಾಗ ಹುಡುಕಲು ಒಂದು ಹಳೆಯ ಉಪಾಯವುಂಟು. ಪೆಟ್ಟಿಗೆಯನ್ನು ನೀವು ಕುಳಿತು ನುಡಿಸುವ ಜಾಗದಲ್ಲಿಯೇ ಇಡಿ. ಮನೆಯವರೊಬ್ಬರು ತಗ್ಗಿನ ಸ್ವರಗಳನ್ನು ಒಂದಾದ ಮೇಲೊಂದು ನುಡಿಸುತ್ತಿರಲಿ. ನೀವು ಬಗ್ಗಿ, ಕಿವಿಯನ್ನು ನೆಲಕ್ಕೆ ಹತ್ತಿರ ಮಾಡಿಕೊಂಡು, ಗೋಡೆಯ ಉದ್ದಕ್ಕೂ ನಡೆದು ಕೇಳಿ. ಎಲ್ಲಿ ಸ್ವರಗಳೆಲ್ಲ ಸಮನಾಗಿ ಕೇಳಿಸುತ್ತವೋ ಅಲ್ಲಿಗೆ ಪೆಟ್ಟಿಗೆಯನ್ನು ಒಯ್ದು ಇಡಿ. ನೋಡುವವರಿಗೆ ನಗು ಬಂದರೂ ಚಿಂತೆಯಿಲ್ಲ, ಉಪಾಯ ಸುಳ್ಳಾಗುವುದು ಅಪರೂಪ. ಆಮೇಲೆ ಜುಂಯ್‌ಗುಟ್ಟುವ ವಸ್ತುಗಳ ಬೇಟೆ. ಬೀರುವಿನ ಬಾಗಿಲು, ಗೋಡೆಯ ಪಟಗಳ ಗಾಜು, ಅಟ್ಟದ ಮೇಲಿನ ಸ್ಟೀಲ್ ಪಾತ್ರೆಗಳು, ಕಿಟಕಿಯ ಸಡಿಲ ಚಿಲಕ, ಇವೆಲ್ಲ ಒಂದೊಂದು ಸ್ವರಕ್ಕೆ ದನಿಗೂಡಿಸುತ್ತವೆ. ಪಟದ ಹಿಂದೆ ಬಟ್ಟೆಯ ಚೂರು, ಪಾತ್ರೆಗಳ ನಡುವೆ ಕಾಗದ ಇಟ್ಟರೆ ಸುಮ್ಮನಾಗುತ್ತವೆ.

ಕೊನೆಯದಾಗಿ, ನೆರೆಹೊರೆ. ಹಳ್ಳಿಯ ಕೇರಿಯಲ್ಲಾಗಲಿ ಪಟ್ಟಣದ ವಠಾರದಲ್ಲಾಗಲಿ ಎರಡು ಮನೆಗೆ ಒಂದೇ ಗೋಡೆ ಇರುವುದು ಸಾಮಾನ್ಯ. ಮೇಲಿನ ಸ್ವರಗಳನ್ನು ಗೋಡೆ ತಡೆಯುತ್ತದೆ. ಮಂದ್ರ ಗೋಡೆಯನ್ನೇ ನಡುಗಿಸಿಕೊಂಡು ಆಚೆ ಹೋಗುತ್ತದೆ. ನಿಮಗೆ ಹಾಡು ಕೇಳಿಸುವಲ್ಲಿ ಆಚೆಯವರಿಗೆ ಹಾಡಿಲ್ಲದ ಬರಿಯ ಗುದ್ದು ಕೇಳಿಸುತ್ತದೆ. ಅದರ ಅರ್ಥವಾದರೂ ತಿಳಿದಿದ್ದರೆ ಸಹಿಸಿಯಾರು! ಆ ಗೋಡೆಯ ಆಚೆ ಪರೀಕ್ಷೆಗೆ ಓದುವ ಹುಡುಗಿಯಿರಬಹುದು, ನಿದ್ದೆ ಬಾರದೆ ಹೊರಳುವ ಅಜ್ಜಿಯಿರಬಹುದು. 2000ದ ಶಬ್ದಮಾಲಿನ್ಯ ನಿಯಮಗಳು ಜನವಸತಿಯ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ಲಿನ ಮಿತಿ ಹಾಕಿವೆ. ಆದರೆ ಆ ಅಳತೆ ಕಿವಿಯ ಸ್ವಭಾವವನ್ನು ಅನುಸರಿಸಿದ್ದಾದ್ದರಿಂದ 50 ಹರ್ಟ್ಸಿನ ಸದ್ದನ್ನು ಸುಮಾರು 30 ಡೆಸಿಬೆಲ್ ಕಡಮೆಯಾಗಿ ಎಣಿಸುತ್ತದೆ. ಮಾಪಕ ಸುಮ್ಮನಿದ್ದರೂ ನೆರೆಯವರ ಗೋಡೆ ನಡುಗುತ್ತಿರಬಹುದು. ಇಲ್ಲಿ ಮಾಪಕಕ್ಕಿಂತ ಮನುಷ್ಯರನ್ನು ಕೇಳುವುದೇ ಮೇಲು. ಪೆಟ್ಟಿಗೆ ಹದಗೊಳಿಸಿದ ದಿನವೇ ಪಕ್ಕದ ಮನೆಗೆ ಹೋಗಿ, ‘ನಾವು ನುಡಿಸುತ್ತೇವೆ, ನಿಮ್ಮಲ್ಲಿ ಹೇಗೆ ಕೇಳಿಸುತ್ತದೆ ನೋಡಿ ಹೇಳಿ’ ಎಂದು ವಿನಯದಿಂದ ಕೇಳಿ. ಹಂಚಿಕೊಂಡ ಗೋಡೆಯಿಂದ ಪೆಟ್ಟಿಗೆಯನ್ನು ದೂರ ಸರಿಸಿ, ಕೆಳಗೆ ದಪ್ಪ ರಬ್ಬರಿನ ಹಾಸು ಹಾಕಿ. ನೆಲದ ನಡುಕ ಅದರಿಂದ ಸ್ವಲ್ಪ ತಗ್ಗುತ್ತದೆ, ಗಾಳಿಯಲ್ಲಿ ಹೋಗುವುದು ತಗ್ಗುವುದಿಲ್ಲ. ರಾತ್ರಿ ಹತ್ತರ ಮೇಲೆ ಪೆಟ್ಟಿಗೆಯನ್ನು ಆರಿಸಿ ಹೆಡ್‌ಫೋನಿನಲ್ಲಿ ಅಭ್ಯಾಸ ಮಾಡಿ. ಒಳ್ಳೆಯ ಹೆಡ್‌ಫೋನು ಆ 33 ಹರ್ಟ್ಸನ್ನು ನಿಮ್ಮೊಬ್ಬರಿಗೇ ಧಾರಾಳವಾಗಿ ಕೊಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ಮನೆಗೆ ಬಂದವರು ನಿಮ್ಮ ವಾದನ ಕೇಳಿ ‘ಏನು ಸಬ್‌ವೂಫರ್ ಸ್ವಾಮಿ!’ ಎಂದರೆ ತಿರುಪನ್ನು ಸ್ವಲ್ಪ ಇಳಿಸಿ. ‘ಆರ್ಗನ್ ಚೆನ್ನಾಗಿದೆ’ ಎಂದರೆ ಹದ ಸರಿಯಾಗಿದೆ. ನುಡಿಸುತ್ತಿರುವಾಗಲೇ ಪೆಟ್ಟಿಗೆಯನ್ನು ಆರಿಸಿ ನೋಡಿ. ಹಾಡಿನ ಕೆಳಗಿನ ನೆಲ ಜಾರಿದಂತಾದರೆ ಅದು ತನ್ನ ಕೆಲಸವನ್ನು ಮಾಡುತ್ತಿತ್ತೆಂದು ಅರ್ಥ. ತಂಬೂರಿಯ ಮಂದ್ರ ಷಡ್ಜವೂ ಹಾಗೆಯೇ ಅಲ್ಲವೇ? ಕಚೇರಿ ನಡೆಯುವಾಗ ಅದನ್ನು ಯಾರೂ ಹೊಗಳುವುದಿಲ್ಲ. ಅದು ನಿಂತ ಕ್ಷಣ ಎಲ್ಲರೂ ತಲೆಯೆತ್ತಿ ನೋಡುತ್ತಾರೆ.